ನೂರಮೂವತ್ತನೇ ಎಸೆತಕ್ಕೆ ಚಪ್ಪಾಳೆ ಬೇಡ

ಅಮೆರಿಕದ ಕಾಲೇಜು ಬೇಸ್‌ಬಾಲ್‌ನ ಕೊನೆಯ ಹಂತದ ಟೂರ್ನಿ, 2025ರ ಕಾಲೇಜ್ ವರ್ಲ್ಡ್ ಸೀರೀಸ್‌ನ ಮೂರು ಪಂದ್ಯಗಳ ಫೈನಲ್‌ನಲ್ಲಿ ಮೊದಲನೆಯದನ್ನು ಈಗಷ್ಟೇ ಮತ್ತೊಮ್ಮೆ ನೋಡಿ ಮುಗಿಸಿದೆ, ತಲೆ ಕೆಟ್ಟುಹೋಗಿದೆ. ಒಮಾಹಾ ನಗರದ ಮೈದಾನ, ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ಮತ್ತು ಕೋಸ್ಟಲ್ ಕೆರೊಲಿನಾ. ಸತತ 26 ಪಂದ್ಯ ಗೆದ್ದು ಬಂದಿದ್ದ ಕೋಸ್ಟಲ್‌ ತಂಡವನ್ನು ಎಲ್‌ಎಸ್‌ಯುವಿನ ಎಡಗೈ ಪಿಚರ್ (ಚೆಂಡೆಸೆಯುವವನು) ಕೇಡ್ ಆಂಡರ್ಸನ್ ಒಬ್ಬನೇ ಒಂಬತ್ತೂ ಇನ್ನಿಂಗ್ಸ್ ಎಸೆದು 1-0 ಅಂತರದಲ್ಲಿ ಮಣಿಸಿದ. ಬ್ಯಾಟರ್‌ಗಳಿಗೆ ಸಿಕ್ಕಿದ್ದು 3 ಹಿಟ್, ಮೂರು ಸ್ಟ್ರೈಕಿಗೆ ಔಟಾದವರು (ಸ್ಟ್ರೈಕೌಟ್) 10. ಆಟ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಸೆತ ಎಷ್ಟು? 130. ಎರಡನೇ ವರ್ಷದ ಕಾಲೇಜು ಹುಡುಗ, ಹೈಸ್ಕೂಲಿನಲ್ಲೇ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ (ಹರಿದ ಲಿಗಮೆಂಟನ್ನು ಮತ್ತೆ ಕಟ್ಟುವುದು) ಆಗಿದ್ದವನು. ಅವನ ಎಸೆತಗಳಿಗೆ ಒಂದು ಮಿತಿ ಅಂತ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ನಿಯಮದಲ್ಲಿ ಏನೂ ಇಲ್ಲ.

ಇಲ್ಲ ಅನ್ನುವುದೇ ನನ್ನ ಸಿಟ್ಟು. ಅಮೆರಿಕದ ಹೈಸ್ಕೂಲ್ ಬೇಸ್‌ಬಾಲ್‌ನಲ್ಲಿ 2017ರಿಂದ ರಾಜ್ಯಗಳು ಎಸೆತಗಳ ಮಿತಿ ಇಡಲೇಬೇಕು. ವೃತ್ತಿಪರರ ಮೇಜರ್ ಲೀಗ್‌ನಲ್ಲಿ ನೂರು ದಾಟುವ ಹೊತ್ತಿಗೆ ಬದಲಿ ಪಿಚರ್ ಸಿದ್ಧನಾಗಿರುತ್ತಾನೆ. ನಡುವಿನ ಕಾಲೇಜು ಹುಡುಗರನ್ನು ಮಾತ್ರ ಕೋಚ್‌ನ ವಿವೇಚನೆಗೆ ಬಿಟ್ಟಿದ್ದಾರೆ. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಮಾಡಿದ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿಯಲ್ಲಿ 19ರಿಂದ 22 ವಯಸ್ಸಿನವರಿಗೆ ದಿನಕ್ಕೆ ಗರಿಷ್ಠ 120 ಎಸೆತ ಅಂತ ಸ್ಪಷ್ಟವಾಗಿದೆ. 30ರವರೆಗೆ ಎಸೆದರೆ ವಿಶ್ರಾಂತಿ ಬೇಕಿಲ್ಲ, 31-45ಕ್ಕೆ ಒಂದು ದಿನ, 46-60ಕ್ಕೆ ಎರಡು, 61-80ಕ್ಕೆ ಮೂರು, 81-105ಕ್ಕೆ ನಾಲ್ಕು, ಅದರ ಮೇಲೆ ಐದು ದಿನ. ಬರೆದಿಟ್ಟ ಪಟ್ಟಿ ಇದೆ. ಕಡ್ಡಾಯ ಮಾಡುವವರಿಲ್ಲ.

ಫೆಬ್ರವರಿಯಿಂದ ಮೇವರೆಗೆ ಈ ಸಮಸ್ಯೆ ಅಷ್ಟಾಗಿ ಕಾಣುವುದಿಲ್ಲ. ಹೆಚ್ಚೆಂದರೆ 56 ಪಂದ್ಯಗಳ ಋತು. ಶುಕ್ರ, ಶನಿ, ಭಾನುವಾರ ಒಂದೇ ಎದುರಾಳಿಯ ಜೊತೆ ಮೂರು ಪಂದ್ಯ, ಮಧ್ಯೆ ಮಂಗಳವಾರಕ್ಕೊಂದು. ತಂಡದ ಅತ್ಯುತ್ತಮ ಪಿಚರ್ ಶುಕ್ರವಾರ ನೂರರ ಆಸುಪಾಸು ಎಸೆಯುತ್ತಾನೆ. ಮರುದಿನ ಓಟ, ಭುಜ ಸಡಿಲಿಸುವ ವ್ಯಾಯಾಮ. ವಾರದ ನಡುವೆ ಬುಲ್‌ಪೆನ್‌ನಲ್ಲಿ (ಪಿಚರ್‌ಗಳು ಕೈ ಪಳಗಿಸುವ ಜಾಗ) 25-30 ಎಸೆತದ ಅಭ್ಯಾಸ. ಮತ್ತೆ ಶುಕ್ರವಾರ. ಮೈ ಈ ಏಳು ದಿನದ ಲಯಕ್ಕೆ ಒಗ್ಗಿಕೊಂಡಿರುತ್ತದೆ.

ಜೂನ್ ಬಂದರೆ ಈ ಲಯ ಮುರಿದುಬೀಳುತ್ತದೆ. 64 ತಂಡ, 16 ಕಡೆ ರೀಜನಲ್ ಎಂಬ ಮೊದಲ ಸುತ್ತು, ಪ್ರತಿ ಕಡೆ ನಾಲ್ಕು ತಂಡ, ಎರಡು ಸಲ ಸೋತರೆ ಮನೆಗೆ. ಮೊದಲ ದಿನವೇ ಸೋತ ತಂಡ ಮುಂದಕ್ಕೆ ಹೋಗಬೇಕಾದರೆ ನಾಲ್ಕು ದಿನದಲ್ಲಿ ಐದು ಪಂದ್ಯ ಆಡಬೇಕು, ಭಾನುವಾರ ಒಂದೇ ದಿನ ಎರಡು. ಐದು ಪಂದ್ಯಕ್ಕೆ 45 ಇನ್ನಿಂಗ್ಸ್. ಇನ್ನಿಂಗ್ಸಿಗೆ ಹದಿನಾರೇ ಎಸೆತ ಅಂದುಕೊಂಡರೂ 720 ಆಯಿತು. ತಂಡದಲ್ಲಿ ಹದಿನೈದು ಪಿಚರ್‌ಗಳಿದ್ದರೂ ಸೋತರೆ ಋತುವೇ ಮುಗಿಯುವ ಪಂದ್ಯದಲ್ಲಿ ಕೋಚ್ ನಂಬುವುದು ನಾಲ್ಕೈದು ಜನರನ್ನು. ಆ 720 ಅವರ ತೋಳಿನ ಮೇಲೆಯೇ ಬೀಳುತ್ತದೆ. ಎಲ್‌ಎಸ್‌ಯುವಿನಂಥ ತಂಡವೇ ಆ ವರ್ಷ ಲಿಟಲ್ ರಾಕ್ ಎದುರು 10-4ರಿಂದ ಸೋತು ಸೋಮವಾರದ ನಿರ್ಣಾಯಕ ಪಂದ್ಯ ಆಡಬೇಕಾಗಿ ಬಂತು.

ದಣಿದ ಪಿಚರ್‌ನನ್ನು ಗುರುತಿಸುವುದು ಕಷ್ಟವೇನಲ್ಲ. ವೇಗ ಗಂಟೆಗೆ ಎರಡು ಮೈಲಿ ಇಳಿಯುತ್ತದೆ. ಚೆಂಡು ಕೈಬಿಡುವ ಎತ್ತರ ಒಂದೆರಡು ಇಂಚು ಕೆಳಗೆ ಬರುತ್ತದೆ. ಮುಂದಿನ ಭುಜ ಬೇಗ ತೆರೆದುಕೊಂಡು ತೋಳು ಹಿಂದೆ ಉಳಿಯುತ್ತದೆ, ಎಸೆತ ಮೇಲಕ್ಕೆ ಹಾರುತ್ತದೆ. ಕೆಳಗೆ ಮುರಿಯಬೇಕಾದ ಸ್ಲೈಡರ್ (ಕೊನೆಯಲ್ಲಿ ತಿರುಗುವ ಎಸೆತ) ಬ್ಯಾಟರ್ ಎದುರಿನ ಪ್ಲೇಟಿನ ನಡುವೆ ತೇಲುತ್ತದೆ. ಕಾಲು, ಸೊಂಟ ಸೋತಾಗ ಅವು ಕೊಡುತ್ತಿದ್ದ ಬಲವನ್ನೂ ತೋಳೇ ಕೊಡಬೇಕಾಗುತ್ತದೆ. ಎಸೆಯುವಾಗ ಮೊಣಕೈಯ ಒಳಬದಿ ತೆರೆದುಕೊಳ್ಳದಂತೆ ಮುಂಗೈಯ ಸ್ನಾಯುಗಳು ಬಿಗಿಹಿಡಿದಿರುತ್ತವೆ. ಅವು ದಣಿದರೆ ಆ ಎಳೆತವೆಲ್ಲ ಒಳಗಿನ ಲಿಗಮೆಂಟಿನ ಮೇಲೆ. ಹರಿದರೆ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಕಟ್ಟಬೇಕು, ಮತ್ತೆ ಪಂದ್ಯ ಆಡಲು 12ರಿಂದ 18 ತಿಂಗಳು. ಇನ್ನೊಂದು ವಿಷಯ, ಟಿವಿಯ ಲೆಕ್ಕದಲ್ಲಿ ಬುಲ್‌ಪೆನ್‌ನ ವಾರ್ಮಪ್ ಇಲ್ಲ, ಪ್ರತಿ ಇನ್ನಿಂಗ್ಸಿಗೆ ಮುಂಚಿನ ಎಸೆತಗಳೂ ಇಲ್ಲ. ಪರದೆ ಮೇಲೆ 130 ಅಂತ ಕಂಡರೆ ತೋಳು ನೋಡಿದ್ದು ಅದಕ್ಕಿಂತ ಎಷ್ಟೋ ಹೆಚ್ಚು.

‘ಹುಡುಗನೇ ತಾನು ಎಸೆಯುತ್ತೇನೆ ಅಂತಾನೆ, ಒಮಾಹಾ ಜೀವನದಲ್ಲಿ ಒಂದೇ ಸಲ’ ಅನ್ನುವವರಿದ್ದಾರೆ. ಅಂತಾನೆ, ಅನ್ನದೆ ಇರುತ್ತಾನೆಯೇ? 2009ರಲ್ಲಿ ಟೆಕ್ಸಾಸ್ ಮತ್ತು ಬಾಸ್ಟನ್ ಕಾಲೇಜ್ ನಡುವೆ 25 ಇನ್ನಿಂಗ್ಸ್ ನಡೆದ ರೀಜನಲ್ ಪಂದ್ಯದಲ್ಲಿ ಟೆಕ್ಸಾಸ್‌ನ ರಿಲೀವರ್ (ಬದಲಿ ಪಿಚರ್) ಆಸ್ಟಿನ್ ವುಡ್ 13 ಇನ್ನಿಂಗ್ಸ್, 169 ಎಸೆತ ಎಸೆದ. ಅದರ ಹಿಂದಿನ ದಿನವೂ ಎಸೆದಿದ್ದ. ಅವನೂ ಬೇಡ ಅನ್ನಲಿಲ್ಲ. ಇಪ್ಪತ್ತರ ವಯಸ್ಸಿನವನು ಬೇಡ ಅನ್ನುವುದಿಲ್ಲ ಎಂದು ಗೊತ್ತಿರುವುದರಿಂದಲೇ ನಿಯಮ ಬೇಕು.

ಅಷ್ಟು ಎಸೆದೂ ಏನೂ ಆಗಲಿಲ್ಲ ಎನ್ನಲು ಪಾಲ್ ಸ್ಕೀನ್ಸ್ ಹೆಸರನ್ನೂ ತೆಗೆಯುತ್ತಾರೆ. 2023ರಲ್ಲಿ ಎಲ್‌ಎಸ್‌ಯುಗೆ 209 ಸ್ಟ್ರೈಕೌಟ್ ಮಾಡಿದ, ಒಮಾಹಾದಲ್ಲಿ ವೇಕ್ ಫಾರೆಸ್ಟ್ ಎದುರು 120 ಎಸೆತ ಎಸೆದ, 2025ರಲ್ಲಿ ಮೇಜರ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ. ನಿಜ. ಆದರೆ ಆ ವೇಕ್ ಫಾರೆಸ್ಟ್ ಪಂದ್ಯದ ನಂತರ ಫ್ಲಾರಿಡಾ ಎದುರಿನ ಫೈನಲ್‌ನ ಮೂರೂ ಪಂದ್ಯಗಳಲ್ಲಿ ಅವನು ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಹತ್ತಲಿಲ್ಲ. ಅವನಿಲ್ಲದೆಯೇ ಎಲ್‌ಎಸ್‌ಯು ಮೂರನೆಯದನ್ನು 18-4ರಿಂದ ಗೆದ್ದಿತು. ಡ್ರಾಫ್ಟ್ (ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸುವುದು) ಆದಮೇಲೆ ಅವನನ್ನು ಆರಿಸಿದ ಪೈರೇಟ್ಸ್ ತಂಡ ಆ ವರ್ಷ ಅವನಿಂದ ಎಸೆಸಿದ್ದು ಏಳು ಇನ್ನಿಂಗ್ಸೂ ಅಲ್ಲ. ಗಾಯವಿಲ್ಲದೆ ಪಾರಾಗಿ ಉಳಿದವನ ಹೆಸರು ಹೇಳುವವರು ರೈಸ್ ಯೂನಿವರ್ಸಿಟಿಯ ಮೂವರನ್ನೂ ನೆನೆಯಬೇಕು. ಹಂಬರ್, ನೀಮನ್, ಟೌನ್‌ಸೆಂಡ್, 2004ರ ಡ್ರಾಫ್ಟಿನ ಮೊದಲ ಎಂಟರಲ್ಲಿ ಆಯ್ಕೆಯಾದವರು. ಹಂಬರ್, ಟೌನ್‌ಸೆಂಡ್ ಇಬ್ಬರಿಗೂ ಮರುವರ್ಷವೇ ಮೊಣಕೈ ಶಸ್ತ್ರಚಿಕಿತ್ಸೆ, ನೀಮನ್‌ಗೆ ಭುಜದ ತೊಂದರೆ. ಟೌನ್‌ಸೆಂಡ್ ಮೇಜರ್ ಲೀಗ್ ತಲುಪಲೇ ಇಲ್ಲ. ಇದಕ್ಕೆ ಕಾಲೇಜಿನ ಎಸೆತಗಳೇ ಕಾರಣ ಅಂತ ಸಾಬೀತು ಮಾಡಲಾಗದು, ಒಪ್ಪುತ್ತೇನೆ. ಹಾಗಂತ ಪಣಕ್ಕಿಟ್ಟದ್ದು ಹುಡುಗನ ತೋಳು ಅನ್ನುವುದು ಸುಳ್ಳಾಗುವುದಿಲ್ಲ.

ಕ್ರಿಕೆಟ್ ನೋಡುವ ನಮಗೆ ಇದು ಅರ್ಥವಾಗದ ವಿಷಯವಲ್ಲ. 1997ರಲ್ಲಿ ನಮ್ಮ ಜಾವಗಲ್ ಶ್ರೀನಾಥ್ ಭುಜದ ಗಾಯದಿಂದ ತಿಂಗಳುಗಟ್ಟಲೆ ಹೊರಗಿದ್ದರು. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಬುಮ್ರಾಗೆ ಐದರಲ್ಲಿ ಮೂರೇ ಟೆಸ್ಟ್ ಎಂದು ಮೊದಲೇ ತೀರ್ಮಾನಿಸಿದ್ದರು.

ಎಲ್‌ಎಸ್‌ಯು ಕೂಡ ಆಂಡರ್ಸನ್‌ಗೆ ಫೈನಲ್‌ಗೆ ಮುಂಚೆ ಆರು ದಿನ ಬಿಡುವು ಕೊಟ್ಟಿತ್ತು, ಅದನ್ನು ಮೆಚ್ಚಲೇಬೇಕು. ಮರುದಿನ 5-3ರಿಂದ ಗೆದ್ದು ಎಂಟನೇ ಪ್ರಶಸ್ತಿಯನ್ನೂ ಎತ್ತಿತು. ಆದರೆ ಎಲ್ಲ ಕೋಚ್‌ಗಳ ಕೈಯಲ್ಲೂ ಅಷ್ಟು ಆಳದ ಬುಲ್‌ಪೆನ್ (ಬದಲಿ ಪಿಚರ್‌ಗಳ ಬಳಗ) ಇರುವುದಿಲ್ಲ, ಕೆಲಸ ಹೋಗುವ ಭಯ ಮಾತ್ರ ಎಲ್ಲರಿಗೂ ಇದೆ. ಹಾಗಾಗಿ 120ಕ್ಕೆ ನಿಲ್ಲಿಸಿ, ವಿಶ್ರಾಂತಿಯ ಆ ಪಟ್ಟಿಯನ್ನು ಕಡ್ಡಾಯ ಮಾಡಿ, ರೀಜನಲ್‌ಗೆ ಇನ್ನೊಂದು ದಿನ ಸೇರಿಸಿ. ಶುಕ್ರವಾರ 110 ಎಸೆದವನು ಸೋಮವಾರ ಮೌಂಡ್ ಹತ್ತುವಂತಿಲ್ಲ ಅಂತಾದರೆ, ಫೆಬ್ರವರಿ-ಮಾರ್ಚ್‌ನ ಮಂಗಳವಾರದ ಪಂದ್ಯಗಳಲ್ಲೇ ಆರನೇ, ಏಳನೇ ಪಿಚರ್‌ಗೆ ಚೆಂಡು ಕೊಟ್ಟು ಜೂನ್‌ಗೆ ತಯಾರು ಮಾಡುವುದು ಕೋಚ್‌ಗಳಿಗೆ ಅನಿವಾರ್ಯವಾಗುತ್ತದೆ.