ಚೌಕಗಳ ನಡುವಿನ ಬಿಳಿ ಜಾಗ

ಕಾಮಿಕ್ಸ್‌ನಲ್ಲಿ ಬಣ್ಣವೇ ಮುಖ್ಯ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೇನೋ ಚಿತ್ರದ ಚೌಕಗಳ ನಡುವಿನ ಖಾಲಿ ಜಾಗವೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಒಂದು ಚೌಕದಲ್ಲಿ ಎತ್ತಿದ ಕತ್ತಿ, ಮುಂದಿನದರಲ್ಲಿ ಉರುಳಿದ ಕಿರೀಟ. ಏಟು ಬಿದ್ದದ್ದನ್ನು ಯಾರೂ ಬರೆದಿಲ್ಲ, ನಾವೇ ಕಂಡೆವು, ಅಲ್ವಾ? ಡೊಂಬಿವಲಿಯಿಂದ ಮುಂಬೈಗೆ ಲೋಕಲ್ ರೈಲಿನಲ್ಲಿ ಬರುವಾಗ ಕಿಟಕಿಯ ಸರಳುಗಳ ನಡುವೆ ಊರು ತುಂಡುತುಂಡಾಗಿ ಕಾಣುತ್ತದಲ್ಲ, ಹಾಗೆ. (ಕಿಟಕಿ ಪಕ್ಕ ಸೀಟು ಸಿಕ್ಕರೆ!) ಸಣ್ಣ ಸಣ್ಣ ಚೌಕ ಸಾಲಾಗಿ ಬಂದರೆ ಓಟ ಜೋರು. ಇಡೀ ಪುಟ ಒಂದೇ ಚಿತ್ರವಾದರೆ ಕಣ್ಣು ನಿಲ್ಲುತ್ತದೆ.

ಅಂದಹಾಗೆ, 1967ರಲ್ಲಿ ಇದೇ ಮುಂಬೈಯಲ್ಲಿ ಅಮರ ಚಿತ್ರಕಥೆ ಕಾಮಿಕ್ಸ್ ಮಾಲೆ ಶುರುಮಾಡಿದ ಅನಂತ ಪೈ ನಮ್ಮ ಕಾರ್ಕಳದವರು.

ಕನ್ನಡಕ್ಕೆ ತಂದ ಕಾಮಿಕ್ಸ್ ಬಗ್ಗೆ ಒಂದು ತಕರಾರು ಮಾತ್ರ ಇದೆ. ಇಂಗ್ಲಿಷಿಗೆ ಅಳೆದು ಬರೆದ ಮಾತಿನ ಗುಳ್ಳೆಗೆ ಸುಮ್ನೆ ಕನ್ನಡ ತುರುಕಿದರೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತವೆ.