ಮಿಕ್ಸಿ ಹಾಕಬೇಡಿ, ಭಾವ ಲೋಡ್ ಮಾಡ್ತಿದ್ದಾರೆ

ಭಾನುವಾರ ಚಟ್ನಿ ರುಬ್ಬಬೇಕಾದರೆ ನಮ್ಮ ಮನೆಯಲ್ಲಿ ಈಗ ಭಾವನ ಅಪ್ಪಣೆ ಬೇಕು. ಮಿಕ್ಸಿ ತಿರುಗಿದರೆ ಅವರ ಲೋಡಿಂಗ್ ಕೆಡುತ್ತದಂತೆ. ಫ್ಯಾನ್ ಸ್ವಿಚ್ಚನ್ನೂ ಮುಟ್ಟುವ ಹಾಗಿಲ್ಲ. ಕುವೆಂಪುನಗರದ ನಮ್ಮ ಮನೆಯ ಹಾಲ್‌ನಲ್ಲಿ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಬಂದು ಕೂತಿದೆ. 1982ರಲ್ಲಿ ಬಂದ ಕಂಪ್ಯೂಟರು, ರಬ್ಬರ್ ಕೀಗಳು. ಅವರ ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ ಅಂತೀರಾ? ಅಕ್ಕ ಬುದ್ಧಿವಂತೆ.

ಅದರ ಮೆಮೊರಿ 48 ಕೆಬಿ. ವಾಟ್ಸಾಪಿನ ಶುಭೋದಯದ ಗುಲಾಬಿಯೂ ಅದರಲ್ಲಿ ಹಿಡಿಸುವುದು ಕಷ್ಟ. ಆಟ ಬೇಕಾದರೆ ಟೇಪ್ ರೆಕಾರ್ಡರಿನಿಂದ ಕುಡಿಸಬೇಕು. ಅದು ಕಿರ್ರೋ ಎಂದು ಕಿರುಚುತ್ತದೆ, ಪರದೆಯ ಅಂಚಿನಲ್ಲಿ ನೀಲಿ-ಹಳದಿ ಪಟ್ಟೆಗಳು ಓಡುತ್ತವೆ. ದೊಡ್ಡ ಆಟಕ್ಕೆ ಹತ್ತಿರ ಹತ್ತಿರ 5 ನಿಮಿಷ. ಇನ್ನೇನು ಬಂತು ಅನ್ನುವಾಗ ‘ಟೇಪ್ ಲೋಡಿಂಗ್ ಎರರ್’. ಮತ್ತೆ ಮೊದಲಿಂದ.

ಆಗ ಭಾವನ ಜೇಬಿನಿಂದ ಸ್ಕ್ರೂಡ್ರೈವರ್ ಹೊರಬರುತ್ತದೆ. ರೆಕಾರ್ಡರಿನಲ್ಲಿ ಟೇಪನ್ನು ಓದುವ ಹೆಡ್ ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತದೆ. ತಿರುಗಿಸಿದರೆ ಹೆಡ್ಡಿನ ಓರೆ ಬದಲಾಗುತ್ತದೆ. ರೆಕಾರ್ಡ್ ಮಾಡಿದ ಓರೆಯೇ ಸಿಕ್ಕರೆ ದನಿ ಚೂಪಾಗುತ್ತದೆ. ಅದಕ್ಕೇ ಭಾವ ಕಣ್ಣು ಮುಚ್ಚಿ, ಸ್ಪೀಕರಿಗೆ ಕಿವಿ ಅಂಟಿಸಿ, ಕೂದಲೆಳೆಯಷ್ಟು ತಿರುಗಿಸುತ್ತಾರೆ. ‘ಉಹೂಂ’ ಅನ್ನುತ್ತಾರೆ. ವಾಪಸ್ ತಿರುಗಿಸುತ್ತಾರೆ. ‘ಈಗ ಹೇಳು, ಚೂಪಾಯ್ತಾ?’ ಕಿರುಚಾಟದಲ್ಲಿ ಚೂಪು ಯಾವುದು, ಮೊಂಡು ಯಾವುದು ನನಗೇನು ಗೊತ್ತು? ಆಯ್ತು ಅಂದರೆ, ‘ಸುಮ್ನೆ ಹೇಳ್ತಿದ್ದೀಯ’ ಅಂತ ಮತ್ತೆ ಶುರು. ಇಲ್ಲ ಅಂದರೂ ಶುರು. ಒಂದು ಸಲ ಹಾಲಿನವನನ್ನೂ ಕರೆದು ಕೇಳಿಸಿದರು. ಪಾಪ, ಅವನು ಬಾಕಿ ದುಡ್ಡನ್ನೂ ಕೇಳದೆ ಹೋದ.

ತಡೆಯಲಾರದೆ ಲ್ಯಾಪ್‌ಟಾಪಿನಲ್ಲಿ ಫ್ಯೂಸ್ ಎಂಬ ಎಮ್ಯುಲೇಟರ್, ಅಂದರೆ ಆ ಹಳೇ ಕಂಪ್ಯೂಟರಿನ ಹಾಗೆಯೇ ನಟಿಸುವ ಸಾಫ್ಟ್‌ವೇರ್ ಹಾಕಿದೆ. ಪುಕ್ಕಟೆ. ಅದೇ ಆಟ ಕಣ್ಣು ಮಿಟುಕಿಸುವುದರೊಳಗೆ ಬಂತು. ಬೇಕಿದ್ದರೆ ಆ ಕಿರುಚಾಟವನ್ನೂ ಕೇಳಿಸುತ್ತದೆ, ಯಾರಿಗೆ ಬೇಕೋ. ಭಾವ ಮೂಗು ಮುರಿದರು. ‘ಹೋಳಿಗೆ ಫೋಟೋ ನೆಕ್ಕಿದ ಹಾಗಿದೆ.’ ಆ ಪೆಟ್ಟಿಗೆಯೊಳಗೆ ಚಿತ್ರ, ದನಿ, ಟೇಪ್ ಎಲ್ಲ ನೋಡಿಕೊಳ್ಳುವ ಯುಎಲ್‌ಎ ಎಂಬ ಚಿಪ್ ಮಾಡುತ್ತಿದ್ದ ಫೆರಾಂಟಿ ಕಂಪನಿಯೇ ಮುಳುಗಿದೆ, ಸುಟ್ಟರೆ ಏನು ಮಾಡ್ತೀರಿ ಅಂದೆ. ‘ಸುಟ್ಟಾಗ ನೋಡೋಣ, ಮೊದಲು ಆ ಫ್ಯಾನ್ ಆರಿಸು.’

ನಾನೇ ಗೆದ್ದೆ ಅಂದುಕೊಂಡಿದ್ದೆ. ಮೊನ್ನೆ ಒಂದು ಆಟ ಪೂರ್ತಿ ಲೋಡ್ ಆಯಿತು. ಆ ಖುಷಿಯಲ್ಲಿ ಭಾವ ಟೇಪ್ ನಿಲ್ಲಿಸಲು ಮರೆತರು. ಸ್ವಲ್ಪ ಹೊತ್ತು ಬರೀ ಸುಯ್ಯ್. ಆಮೇಲೆ ಇದ್ದಕ್ಕಿದ್ದ ಹಾಗೆ ಅಮ್ಮನ ದನಿ, ಅರ್ಧದಿಂದ ಶುರುವಾದ ಸೋಬಾನೆ. ಹಿಂದೆ ಯಾರೋ ‘ಪಾಯಸ ಈ ಸಾಲಿಗೆ ಬಂದಿಲ್ಲ’ ಅಂತ ಕೂಗುತ್ತಿದ್ದರು. ಅಮ್ಮ ಹೋಗಿ ಎಷ್ಟೋ ವರ್ಷ ಆಗಿದೆ. ಆ ಚರಣದ ಕೊನೆಯಲ್ಲಿ ಉಸಿರು ಸಾಲದೆ ಅವರು ನಗುವುದೂ ಕೇಳಿಸಿತು. ನನ್ನ ಲ್ಯಾಪ್‌ಟಾಪಿನ ಫೈಲಿನಲ್ಲಿ ಆಟದ ಬೈಟುಗಳು ಮಾತ್ರ ಇವೆ, ಇದೆಲ್ಲಿ ಬರಬೇಕು?

ಭಾವನೂ ಸುಮ್ಮನೆ ಕೇಳುತ್ತಾ ನಿಂತಿದ್ದರು. ಆಮೇಲೆ ಬಾಯಿಬಿಟ್ಟರು. ‘ಹೆಡ್ ಸೆಟ್ಟಿಂಗ್ ಹೆಂಗಿದೆ ನೋಡು, ಎಷ್ಟು ಕ್ಲಿಯರ್ ಅಲ್ವಾ!’

ಆಗ ಹೊಳೆಯಿತು. ಈ ಮಹಾಶಯರು ಆಟ ಕಾಪಿ ಮಾಡಿದ್ದು ತಮ್ಮದೇ ಮದುವೆಯ ಕ್ಯಾಸೆಟ್ ಮೇಲೆ. ಅದು ಕಳೆದುಹೋಯಿತು ಅಂತ ಅಕ್ಕ ಇವತ್ತಿಗೂ ನಮ್ಮ ಚಿಕ್ಕಮ್ಮನನ್ನು ಬೈಯುತ್ತಾಳೆ. ಹೇಳಿಬಿಡಲಾ ಅಂತ ಕೇಳಿದೆ. ಭಾವ ತಾವೇ ಎದ್ದು ಹೋಗಿ ಫ್ಯಾನ್ ಹಾಕಿದರು.