ಕೂಲಿ ಬೇನೆ

ತುಳುವಿನಲ್ಲಿ ಹಲ್ಲಿಗೆ ಕೂಲಿ ಅಂತಾರೆ. ಹಲ್ಲುನೋವು ಅಂದರೆ ಕೂಲಿ ಬೇನೆ. ಕನ್ನಡದಲ್ಲಿ ಕೂಲಿ ಅಂದರೆ ದಿನದ ದುಡಿಮೆಯ ದುಡ್ಡು. ಉಡುಪಿ ಜಿಲ್ಲೆಯ ಹೆಬ್ರಿಯಿಂದ ಒಳಗಿರುವ ಒಂದು ಊರಿಗೆ ನಾವು ನಾಲ್ಕೈದು ಜನ ಹಲ್ಲಿನ ಡಾಕ್ಟರುಗಳು ತಿಂಗಳ ಎರಡನೇ ಭಾನುವಾರ ಹೋಗುತ್ತೇವೆ. ಆರು ವರ್ಷವಾಯಿತು. ಅಲ್ಲಿಗೆ ಬರುವವರು ಹೆಚ್ಚಾಗಿ ಈ ಎರಡು ಕೂಲಿಗಳ ನಡುವೆ ಸಿಕ್ಕಿಕೊಂಡವರೇ. ಹಲ್ಲು ತೋರಿಸಲು ಉಡುಪಿಗೆ ಬಂದರೆ ಆ ದಿನದ ದುಡಿಮೆ ಹೋಯಿತು, ಮೇಲಿಂದ ಬಸ್ಸಿನ ಖರ್ಚು.

ಕಳೆದ ಸಲ ಬೀಡಿ ಕಟ್ಟುವ ಅಕ್ಕ ಒಬ್ಬರು ಬಂದಿದ್ದರು. ಸೆರಗಿನಿಂದ ಎಡಗೆನ್ನೆ ಮುಚ್ಚಿಕೊಂಡಿದ್ದರು. ಸೆರಗು ತೆಗೆದರೆ ದವಡೆಯ ಕೆಳಗಿನವರೆಗೆ ಊತ. ಹುಳುಕು ಹಲ್ಲಿನ ತೂತಿನಲ್ಲಿ ಹೊಗೆಸೊಪ್ಪಿನ ಪುಡಿ ತುಂಬಿತ್ತು. ಬೀಡಿಗೆ ಹಾಕುವ ಪುಡಿ ಹೇಗೂ ಕೈಯಲ್ಲೇ ಇರುತ್ತದೆ, ನೋವು ಬಂದಾಗಲೆಲ್ಲ ಒಂದು ಚಿಟಿಕೆ ಒತ್ತಿಕೊಂಡಿದ್ದಾರೆ.

"ಯಾಕಕ್ಕ ಇಷ್ಟು ದಿನ ಸುಮ್ನಿದ್ರಿ?" ಎಂದೆ.

"ಎರಡನೇ ಭಾನುವಾರ ನೀವು ಬರ್ತೀರಲ್ಲ ಡಾಕ್ಟ್ರೆ, ಅದಕ್ಕೇ ಕಾದದ್ದು. ಮೂರು ವಾರ ಆಯ್ತು. ಉಡುಪಿಗೆ ಹೋದ್ರೆ ಬೀಡಿ ಕಟ್ಟುದು ಯಾರು?"

ಆ ಕೀವು ಕುತ್ತಿಗೆಗೆ ಇಳಿದರೆ ಉಸಿರಿಗೇ ತೊಂದರೆಯಾಗಬಹುದಿತ್ತು. ಕೀವು ಹೊರಬರಲು ದಾರಿ ಮಾಡಿ, ಮಾತ್ರೆ ಕೊಟ್ಟು ಕಳಿಸಿದೆ. ಅವರು ನಮ್ಮನ್ನು ನಂಬಿ ಕಾದರು ಎಂಬುದೇ ನನ್ನನ್ನು ಅವತ್ತಿನಿಂದ ಕಾಡುತ್ತಿದೆ.

ಮಣಿಪಾಲದಲ್ಲಿ ಡೆಂಟಲ್ ಕಾಲೇಜು ಶುರುವಾಗಿದ್ದು 1965ರಲ್ಲಿ. ಆಮೇಲೆ ಮಂಗಳೂರು, ದೇರಳಕಟ್ಟೆ, ಸುಳ್ಯ ಎಲ್ಲ ಕಡೆ ಬಂದವು. ಇಷ್ಟು ಕಾಲೇಜುಗಳಿರುವ ಕರಾವಳಿಯಲ್ಲಿ ಒಬ್ಬ ಹೆಂಗಸು ಮೂರು ವಾರ ಹಲ್ಲಿಗೆ ಹೊಗೆಸೊಪ್ಪು ತುಂಬಿಕೊಂಡು ಕೂರಬೇಕಾ? ಕಾಲೇಜುಗಳು ಹಳ್ಳಿಗಳಲ್ಲಿ ಶಿಬಿರ ಮಾಡುತ್ತವೆ. ನಾನೂ ವಿದ್ಯಾರ್ಥಿಯಾಗಿದ್ದಾಗ ಇಂಥ ಎಷ್ಟೋ ಶಿಬಿರಗಳಿಗೆ ಹೋಗಿ ಕೆಲಸ ಕಲಿತವನು. ಆದರೆ ಮುನ್ನೂರು ಜನರ ಬಾಯಿ ನೋಡಿ, ಚೀಟಿ ಬರೆದು, ಆಸ್ಪತ್ರೆಗೆ ಬನ್ನಿ ಎಂದು ಹೇಳಿ ಬರುವ ಶಿಬಿರದಿಂದ ಏನೂ ಆಗುವುದಿಲ್ಲ ಅಂತ ಈಗ ನನಗೆ ಖಾತ್ರಿಯಾಗಿದೆ. ಆ ಚೀಟಿ ಹಿಡಿದು ಬಸ್ ಹತ್ತುವವರು ತುಂಬಾ ಕಡಿಮೆ.

ನಮ್ಮ ಹತ್ತಿರ ಹಲ್ಲು ಕೀಳುವ ಉಪಕರಣಗಳು ಇಪ್ಪತ್ತು ಸೆಟ್ ಇವೆ. ಎಲ್ಲವನ್ನೂ ಕ್ಲಿನಿಕ್ಕಿನ ಆಟೋಕ್ಲೇವ್‌ನಲ್ಲಿ, ಅಂದರೆ ಬಿಸಿ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರದಲ್ಲಿ, ಶುದ್ಧ ಮಾಡಿ, ಸೀಲ್ ಮಾಡಿ ಒಯ್ಯುತ್ತೇವೆ. ಇಪ್ಪತ್ತು ಸೆಟ್ ಅಂದರೆ ಇಪ್ಪತ್ತೇ ಜನ. ಇಪ್ಪತ್ತೊಂದನೆಯವರಿಗೆ ಮುಂದಿನ ತಿಂಗಳು ಎನ್ನುವಾಗ ಬೇಜಾರಾಗುತ್ತದೆ. ಆದರೆ ಮುಂದಿನ ತಿಂಗಳು ಬಂದೇ ಬರುತ್ತೇವೆ ಎಂದು ಅವರಿಗೆ ಗೊತ್ತು. ಹುಳುಕು ತುಂಬಲು ಕರೆಂಟ್ ಕೂಡ ಬೇಡ. ಕೊಳೆತ ಭಾಗವನ್ನು ಕೈ ಉಪಕರಣದಿಂದಲೇ ಕೆರೆದು ಗ್ಲಾಸ್ ಅಯನೋಮರ್ ಎಂಬ ಹಲ್ಲಿನ ಸಿಮೆಂಟ್ ತುಂಬಿದರಾಯಿತು. 1980ರ ದಶಕದಲ್ಲಿ ತಾಂಜಾನಿಯಾದ ಹಳ್ಳಿಗಳಲ್ಲಿ ಶುರುವಾದ ಈ ವಿಧಾನ ನಾವು ಕೆಲಸ ಮಾಡುವ ಆ ಊರಿನ ಶಾಲೆಯ ಜಗಲಿಗೂ ಚೆನ್ನಾಗಿ ಹೊಂದುತ್ತದೆ.

ಆ ಜಗಲಿಯಲ್ಲಿ ನಾನು ಅತಿ ಹೆಚ್ಚು ಸಲ ಹೇಳಿರುವ ಮಾತು ಒಂದಿದೆ. ಅಮ್ಮಂದಿರೇ, ದಯವಿಟ್ಟು ಓದಿ. ಆರು ವರ್ಷಕ್ಕೆ ಬಾಯಿಯ ಹಿಂದೆ ಒಂದು ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. "ಬೀಳುವ ಹಲ್ಲು ಅಲ್ವಾ ಡಾಕ್ಟ್ರೆ?" ಎಂದು ಎಂಟು ವರ್ಷದ ಹುಡುಗನ ಅಮ್ಮ ಕೇಳುವಾಗ, ಅದು ಅರ್ಧ ಕೊಳೆತಿರುತ್ತದೆ. ಅದು ಬೀಳುವ ಹಲ್ಲಲ್ಲ. ಅವನು ಮುದುಕನಾಗುವವರೆಗೆ ಅಗಿಯಬೇಕಾದ ಹಲ್ಲು.

ಇನ್ನು ಅಡಿಕೆ. ನಮ್ಮ ಬದುಕು ಅಡಿಕೆಯ ಮೇಲೆ ನಿಂತಿದೆ, ನಮ್ಮ ಮನೆಯಲ್ಲೂ ತೋಟ ಇದೆ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ, ಹೊಗೆಸೊಪ್ಪು ಸೇರದಿದ್ದರೂ, ಕ್ಯಾನ್ಸರ್ ತರುವ ವಸ್ತು ಎಂದಿದೆ. ನಿಮ್ಮದೇ ಮೂರು ಬೆರಳು ಜೋಡಿಸಿ ನೆಟ್ಟಗೆ ಬಾಯೊಳಗೆ ಹಿಡಿದು ನೋಡಿ. ಎರಡೇ ಬೆರಳು ಹೋಗುತ್ತದೆ, ಖಾರ ತಿಂದರೆ ಉರಿಯುತ್ತದೆ ಅಂತಾದರೆ ಅಡಿಕೆಯಿಂದ ಬಾಯಿ ಬಿಗಿಯುತ್ತಿರಬಹುದು, ಡಾಕ್ಟರಿಗೆ ತೋರಿಸಲು ತಡಮಾಡಬೇಡಿ.

ಹಲ್ಲು ಕೀಳಲು ಐವತ್ತು ರೂಪಾಯಿ ತೆಗೆದುಕೊಳ್ಳುತ್ತೇವೆ, ಮಕ್ಕಳಿಗೆ ಏನೂ ಇಲ್ಲ. ಸೇವೆ ಅಂದ ಮೇಲೆ ದುಡ್ಡು ಯಾಕೆ ಎಂದು ಕೆಲವರು ಕೇಳುತ್ತಾರೆ. ದುಡ್ಡು ಕೊಟ್ಟವರು ಕುಗ್ಗಿ ಕೂರುವುದಿಲ್ಲ. ಇನ್ನೂ ನೋವುಂಟಲ್ಲ, ಸರಿ ನೋಡಿ ಅಂತ ಜೋರು ಮಾಡುತ್ತಾರೆ. ನನಗೆ ಅದು ಬೇಕು. ಒಬ್ಬರು ಅಜ್ಜಿ ಚಿಲ್ಲರೆ ಇಲ್ಲ ಎಂದು ಒಂದು ಕಟ್ಟು ಬಸಳೆ ತಂದಿದ್ದರು. ಅವರಿಗೆ ಬಿಪಿಎಲ್ ಕಾರ್ಡ್ ಇದೆ. ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಇಂಥ ಹಿರಿಯರಿಗೆ ಹಲ್ಲಿನ ಸೆಟ್ ಉಚಿತ, ಆದರೆ ಅಳತೆ, ಜೋಡಣೆ ಅಂತ ನಾಲ್ಕೈದು ಸಲ ಕಾಲೇಜಿಗೆ ಬರಬೇಕು. ಅವರನ್ನು ಕರೆದುಕೊಂಡು ಹೋಗಿ ಬರಲು ಕಾರು ಇರುವ ಒಬ್ಬರು ಬೇಕು. ಬಿಪಿ, ಶುಗರ್ ನೋಡಿ ಬರೆದುಕೊಳ್ಳಲು ಇನ್ನೊಬ್ಬರು ಬೇಕು. ಡಾಕ್ಟರೇ ಆಗಬೇಕಿಲ್ಲ. ಬರುವ ಮನಸ್ಸಿದ್ದರೆ ಇನ್‌ಬಾಕ್ಸ್‌ಗೆ ಮೆಸೇಜ್ ಮಾಡಿ.

ಬುಧವಾರ ಆ ಅಕ್ಕನಿಗೆ ಫೋನ್ ಮಾಡಿದ್ದೆ. ಊತ ಇಳಿದಿದೆ, ಗಂಜಿ ಊಟ ಮಾಡಿದೆ ಎಂದರು. ಆಚೆಯಿಂದ ಕತ್ತರಿಯಲ್ಲಿ ಬೀಡಿ ಎಲೆ ಕತ್ತರಿಸುವ ಸದ್ದು ಕೇಳುತ್ತಿತ್ತು. ಆ ಹಲ್ಲು ತೆಗೆಯಬೇಕು. ಎರಡನೇ ಭಾನುವಾರದವರೆಗೆ ಕಾಯುವುದಿಲ್ಲ, ಈ ಭಾನುವಾರವೇ ನಾವು ಇಬ್ಬರು ಡಾಕ್ಟರುಗಳು ಅವರಲ್ಲಿಗೆ ಹೊರಟಿದ್ದೇವೆ.